ಒಂದು ತೊಟ್ಟೂ ಉಳಿಯಲ್ಲ

"ಹೆಣ್ಣುಮಕ್ಕಳು ಇಡೀ ದಿನ ನೀರೇ ಕುಡಿಯಲ್ಲ. ನಮ್ಮ ಶೌಚಾಲಯ ಹಾಗಿದೆ. ಹೊಸದು ಕಟ್ಟೋಕೆ ನೀವೆಲ್ಲ ಕೈ ಜೋಡಿಸಬೇಕು," ಎಂದು ಹೆಡ್ ಮೇಡಂ ಹೇಳುತ್ತಿದ್ದಂತೆ ದರ್ಜಿಯ ಮೂಗಿಗೆ ವಾಸನೆ ಬಡಿಯಿತು. ಶೌಚಾಲಯದ್ದಲ್ಲ, ಮೋಸದ್ದು.

ಮನೆಗಿಷ್ಟು ಎಂದು ಊರವರು ಹಣ ಹಾಕಿದರೆ ಉಳಿದದ್ದನ್ನು ಇಲಾಖೆ ಕೊಡುತ್ತದಂತೆ. ಸಭೆಗೆ ಬಂದ ಅಪ್ಪ ಅಮ್ಮಂದಿರಲ್ಲಿ ಮುಕ್ಕಾಲು ಪಾಲು ಕೈ ಎತ್ತಿಯೂ ಆಗಿತ್ತು. ದರ್ಜಿ ಮಾತ್ರ ಕೈಕಟ್ಟಿ ಕೂತಿದ್ದ. ಹಿಂದಿನ ಹೆಡ್ ಮಾಸ್ಟರು ಗ್ರಂಥಾಲಯದ ಹೆಸರಲ್ಲಿ ವಸೂಲಿ ಮಾಡಿ ತಮ್ಮ ಕೋಣೆಗೆ ಟೈಲ್ಸ್ ಹಾಕಿಸಿಕೊಂಡಿದ್ದರು. ಈಯಮ್ಮನ ಕಿಟಕಿಗೆ ಹೊಸ ಪರದೆ ಬಂದಿರುವುದನ್ನು ಅವನು ಒಳಗೆ ಬರುವಾಗಲೇ ಕಣ್ಣಲ್ಲೇ ಅಳೆದಿದ್ದ. ಅಂಗಿಗೆಂದು ಕೊಟ್ಟ ಬಟ್ಟೆಯಲ್ಲಿ ಗೇಣುದ್ದ ಹೇಗೆ ಮಾಯವಾಗುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಾ ಕಳ್ಳ, ಪರರ ನಂಬ.

ಅವನು ಎದ್ದು ನಿಂತ. "ನನ್ನ ಮಗಳೂ ಇಲ್ಲೇ ಓದೋದು, ಮೇಡಂ. ಬೆಳಿಗ್ಗೆ ನಾನೇ ಬಾಟಲಿ ತುಂಬಿಸಿ ಕಳಿಸ್ತೀನಿ. ಸಂಜೆ ನೋಡಿದ್ರೆ ಒಂದು ತೊಟ್ಟೂ ಉಳಿದಿರಲ್ಲ. ಹಾಗಾದ್ರೆ ಅವಳೇನು ಹೆಣ್ಣುಮಗು ಅಲ್ವಾ?"

ಯಾರೋ ಕಿಸಕ್ಕನೆ ನಕ್ಕರು.

"ನನಗೆ... ಮಕ್ಕಳೇ ಹೇಳಿದ್ದು," ಮೇಡಂ ತಡವರಿಸಿದರು.

"ನೀವು ಹೇಳಿಕೊಟ್ಟಿದ್ದನ್ನ ಹೇಳಿರ್ತಾರೆ ಬಿಡಿ."

ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಮೇಡಂ ಮುಖ ಕೆಂಪಾಯಿತು, ದರ್ಜಿಗೆ ಅಷ್ಟೇ ಸಾಕ್ಷಿ ಸಾಕಿತ್ತು. ಮುಂದಿನ ವರ್ಷ ನೋಡೋಣ ಎಂದು ಸಭೆ ಮುಗಿಯಿತು.

ಅಷ್ಟರಲ್ಲಿ ಶಾಲೆ ಬಿಡುವ ಗಂಟೆಯೂ ಹೊಡೆಯಿತು. ಮಗಳನ್ನು ಕರೆದುಕೊಳ್ಳಲು ದರ್ಜಿ ಎದೆಯುಬ್ಬಿಸಿಕೊಂಡು ಗೇಟಿನತ್ತ ನಡೆದ. ಗೇಟಿನ ಪಕ್ಕ ಚರಂಡಿಯ ಅಂಚಿನಲ್ಲಿ ಏಳೆಂಟು ಹುಡುಗಿಯರು ಬಾಟಲಿ ಬಗ್ಗಿಸಿ ನಿಂತಿದ್ದರು. ತುಂಬಿದ ಬಾಟಲಿಗಳಿಂದ ಗೊಳಗೊಳ ನೀರು ಸುರಿಯುತ್ತಿತ್ತು. ನಡುವೆ ಅವನ ಮಗಳು ಕೊನೆಯ ಹನಿಯನ್ನೂ ಕೊಡವುತ್ತಿದ್ದಳು. ಅಪ್ಪನನ್ನು ಕಂಡವಳೇ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿದಳು.

"ಯಾಕಮ್ಮ ಚೆಲ್ತಿದೀಯ?"

"ಹಾಗೇ ತಂದ್ರೆ ಕುಡಿದಿಲ್ಲ ಅಂತ ನೀನು ಬೈತೀಯಲ್ಲ."

ದರ್ಜಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅದೇ ಹೊತ್ತಿಗೆ ಸಭೆಯಿಂದ ಬಂದವನೊಬ್ಬ ಬೆನ್ನು ತಟ್ಟಿದ. "ಒಳ್ಳೇ ಟೈಮಿಗೆ ಕೇಳಿದೆ ಕಣಯ್ಯ. ಇಲ್ಲಾಂದ್ರೆ ಎಲ್ಲರಿಗೂ ಟೋಪಿ ಹಾಕಿಬಿಡೋಳು."

ದರ್ಜಿ ಅತ್ತ ತಿರುಗಲಿಲ್ಲ. ಮಗಳ ತುಟಿ ಒಣಗಿ ಬಿರಿದಿರುವುದು ಅವನಿಗೆ ಈಗ ಕಂಡಿತು. ತನ್ನ ಚೀಲದಲ್ಲಿದ್ದ ನೀರಿನ ಬಾಟಲಿ ತೆಗೆದು ಮುಂದೆ ಹಿಡಿದ.

"ಒಂದು ಗುಟುಕು ಕುಡಿ, ಮಗಳೇ."

ಅವಳು ನೀರನ್ನು ನೋಡಿ ಉಗುಳು ನುಂಗಿದಳು. ಆಮೇಲೆ ಮುಂದಿದ್ದ ಉದ್ದನೆಯ ರಸ್ತೆಯನ್ನು ನೋಡಿದಳು.

"ಈಗ ಬೇಡಪ್ಪ. ಮನೆ ಹತ್ತಿರ ಬರ್ಲಿ."