ಸೊನ್ನೆ ವಾರ್ಡು

ಸುಳ್ಳು ಹೇಳುತ್ತಿದ್ದಾರೆ. ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಯಾಕೆ ಎನ್ನುವುದಷ್ಟೇ ಬಗೆಹರಿಯುತ್ತಿರಲಿಲ್ಲ.

ಅಮ್ಮನ ಹೆಸರು ಅಂಟಿಸಿದ ರಕ್ತದ ಚೀಲ ಬೆಳಿಗ್ಗೆ ವಾರ್ಡಿಗೆ ಬಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅದನ್ನು ಮಂಚದ ತನಕ ತಂದ ನರ್ಸ್, ಯಾರೋ ಕರೆದರೆಂದು ತಿರುಗಿ ಹೋದವಳು ಬರಿಗೈಯಲ್ಲಿ ಬಂದಳು.

"ಯಾವ ಚೀಲ ಸಾರ್? ನಿಮ್ಮ ತಾಯಿಗೆ ರಕ್ತ ಬೇಕಾಗೇ ಇಲ್ಲ" ಎಂದಳು. ಮಾತು ಅವನೊಡನೆ, ಕಣ್ಣು ಕಿಟಕಿಯ ಕಡೆ.

ಅಮ್ಮನ ಎರಡೂ ಮಂಡಿಗಳ ಕೀಲು ಬದಲಿಸಿ ಮೂರು ದಿನವಾಗಿತ್ತು. ಮಂಡಿಗಳು ಚೆನ್ನಾಗಿಯೇ ಇದ್ದವು. ಅಮ್ಮ ಚೆನ್ನಾಗಿರಲಿಲ್ಲ. ತುಟಿ ಸುಣ್ಣದಂತೆ ಬಿಳಿಚಿಕೊಂಡಿತ್ತು. ಎಬ್ಬಿಸಿ ಕೂರಿಸಿದರೆ ಕಣ್ಣಿಗೆ ಕತ್ತಲೆ, ಎದೆ ಡವಡವ.

"ನಡೆಸಿ ಅಂತ ಹೇಳಿ ಹೋದ್ರು. ಕೂರೋಕಾಗದೋರು ನಡೀತಾರಾ?" ಅಕ್ಕ ಅವನನ್ನೇ ದುರುಗುಟ್ಟಿ ನೋಡಿದಳು. "ಇದಕ್ಕಿಂತ ಒಳ್ಳೇ ಆಸ್ಪತ್ರೆ ಊರಲ್ಲೇ ಇಲ್ಲ ಅಂತ ಕರ್ಕೊಂಡು ಬಂದೋನು ನೀನು. ಹೋಗಿ ಗಟ್ಟಿಯಾಗಿ ಕೇಳು. ನಿನ್ನ ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ."

ಅಮ್ಮ ಕಣ್ಣು ತೆರೆಯಲಿಲ್ಲ. "ನೀವಿಬ್ರೂ ಕುಡಿದು ಉಳಿಸಿದ್ದೇ ಇಷ್ಟು ರಕ್ತ. ಜಗಳ ಆಡಿ ಇದನ್ನೂ ಕುಡೀಬೇಡಿ."

ಅವನು ಹೊರಗೆ ಬಂದ. ಲಿಫ್ಟಿನ ಬಳಿ ಆಯಾ ನಿಂತಿದ್ದಳು, ಕೈಯಲ್ಲಿ ಐಸ್ ಪೆಟ್ಟಿಗೆ.

"ಅದರಲ್ಲಿ ಏನಮ್ಮ?"

"ವಾಪಸ್ ಹೋಗ್ತಿರೋದು."

"ಯಾರಿಗೆ?"

ಅವಳು ಸುತ್ತ ನೋಡಿದಳು. "ನನ್ನನ್ನ ಕೇಳಬೇಡಿ ಸಾರ್. ಈ ತಿಂಗಳೊಂದು ಕಳೀಲಿ, ಆಮೇಲೆ ಎಷ್ಟು ಬೇಕಾದ್ರೂ ಕೊಡ್ತಾರೆ." ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ತಿಂಗಳು ಕಳೆಯುವ ತನಕ ಯಾರಿಗೆ ಕೊಡುತ್ತಿದ್ದಾರೆ? ಯಾವ ದೊಡ್ಡ ಮನುಷ್ಯನಿಗೆ? ಅವನು ನೇರ ಹೋಗಿ ಡಾಕ್ಟರ ಕೋಣೆಯ ಬಾಗಿಲು ತಳ್ಳಿದ.

"ನಮ್ಮ ಅಮ್ಮನ ರಕ್ತ ಯಾರಿಗೆ ಮಾರಿದ್ರಿ?"

ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವರು ಎದ್ದು ಬಾಗಿಲು ಹಾಕಿ ಬಂದು ಕೂತರು.

"ಮಾರಿಲ್ಲ. ಬ್ಲಡ್ ಬ್ಯಾಂಕಿಗೆ ವಾಪಸ್ ಕಳಿಸಿದೆ. ಕೀಲು ಬದಲಿಸೋ ಆಸ್ಪತ್ರೆಗಳನ್ನೆಲ್ಲ ಅಳೆಯೋಕೆ ಒಂದು ಅಳತೆ ಬಂದಿದೆ. ತಿಂಗಳಿಗೆ ಯಾರು ಕಡಿಮೆ ರಕ್ತ ಹಾಕ್ತಾರೋ ಅವರೇ ಮೇಲು. ಮೊದಮೊದಲು ಒಳ್ಳೇದೇ ಆಯ್ತು. ಸುಮ್ಮಸುಮ್ಮನೆ ರಕ್ತ ಹಾಕೋದು ನಿಂತಿತು. ಆಪರೇಷನ್ನಿಗೆ ಮೊದಲೇ ಕಬ್ಬಿಣದಂಶದ ಔಷಧಿ ಕೊಟ್ಟು, ರಕ್ತ ಹೆಚ್ಚಿಸಿ ಕರೆಸ್ಕೊಂಡ್ವಿ. ಹಾಗೇ ಒಂದು ತಿಂಗಳು ಸೊನ್ನೆ ಬಂತು. ಗೋಡೆಗೆ ಫಲಕ ಹಾಕಿದ್ರು. ಸೊನ್ನೆ ವಾರ್ಡು ಅಂತ ಹೆಸರಾಯ್ತು." ಅವರು ಮುಖ ಒರೆಸಿಕೊಂಡರು. "ಶಾಲೇಲಿ ಸೊನ್ನೆ ಬಂದ್ರೆ ಅಪ್ಪ ಚರ್ಮ ಸುಲೀತಿದ್ರು. ಇಲ್ಲಿ ಒಂದು ಅಂತ ಬಂದ್ರೆ ಸುಲೀತಾರೆ."

ಅವನು ಕುರ್ಚಿ ಎಳೆದುಕೊಂಡು ಕೂತ. "ಬೇಕಾದವರಿಗೂ ಹಾಕಬಾರದು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲವಲ್ಲ."

"ಹಾಕಬೇಕು ಅಂತಲೂ ಬರೆದಿಲ್ಲ. ಬೇಕಿತ್ತಾ ಅಂತ ಅದು ಕೇಳಲ್ಲ. ಹಾಕಿದ್ರಾ ಅಂತ ಮಾತ್ರ ಕೇಳುತ್ತೆ."

ಹೊರಗೆ ಯಾರದೋ ವಾಕರ್ ಟಕ್ ಟಕ್ ಎಂದು ದಾಟಿ ಹೋಯಿತು.

"ಆ ಅಳತೆ ಹಾಳಾಗಿ ಹೋಗಲಿ ಡಾಕ್ಟ್ರೇ" ಎಂದ ಅವನು. "ಅಮ್ಮನಿಗೆ ರಕ್ತ ಹಾಕಿ."

ಡಾಕ್ಟರು ಅವನನ್ನೊಮ್ಮೆ ದಿಟ್ಟಿಸಿ ನೋಡಿದರು. ಆಮೇಲೆ ಫೋನ್ ಎತ್ತಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಚೀಲ ನೇತಾಡುತ್ತಿತ್ತು. ಸಂಜೆಗೆ ಅಮ್ಮನ ತುಟಿಗೆ ಬಣ್ಣ ಬಂತು. ದಿಂಬಿಗೊರಗಿ ಕೂತು, ಕಾಫಿಗೆ ಸಕ್ಕರೆ ಸಾಲದೆಂದು ಗೊಣಗಿದಳು. ನಡೆದದ್ದನ್ನೆಲ್ಲ ಅವನ ಬಾಯಿಂದ ಕೇಳಿದ ಅಕ್ಕ ಮಾತ್ರ ತಣ್ಣಗಾಗಲಿಲ್ಲ.

"ಯಾವನೋ ಮಹಾಶಯ ಆ ಅಳತೆ ಮಾಡಿದ್ದು? ಅವನ ಹೆತ್ತಮ್ಮ ಹೀಗೆ ಮಲಗಿದ್ದಿದ್ರೆ ಗೊತ್ತಾಗ್ತಿತ್ತು."

"ಗೊತ್ತಾಗಿರುತ್ತೆ ಬಿಡಕ್ಕ" ಎಂದು ಅವನು ಅಮ್ಮನ ಹೊದಿಕೆ ಸರಿಪಡಿಸಿದ.

ಆ ಅಳತೆಯನ್ನು ರೂಪಿಸಿದವನು ತಾನೇ ಎಂದು ಅವನು ಹೇಳಲಿಲ್ಲ.