ಕಾಡಿಗೆಯ ಪಥ್ಯ

"ಇನ್ನೊಂದು ಕೇಜಿ ಏರಿದರೂ ಇದರ ಹೃದಯ ತಡೆಯಲ್ಲಮ್ಮ," ಎಂದಿದ್ದರು ನಾಯಿ ಡಾಕ್ಟರು, ವಾರಿಜಾಳ ನಾಯಿ ಕಾಡಿಗೆಯ ಡೊಳ್ಳುಹೊಟ್ಟೆಯನ್ನು ಒತ್ತಿ ನೋಡುತ್ತ. ಅವರ ಬೆರಳಿನ ಕುದುರೆ ಲಾಳದ ಉಂಗುರ ಕಪ್ಪು ಕೂದಲೊಳಗೆ ಮುಳುಗಿಹೋಗಿತ್ತು.

ಅಂದಿನಿಂದ ವಾರಿಜಾ ಅದಕ್ಕೆ ದಿನಕ್ಕೊಂದೇ ಬಟ್ಟಲು ಅನ್ನ ಹಾಕುತ್ತಿದ್ದಳು. ಅದರ ಕಣ್ಣು ನೋಡಲಾರದೆ ತಾನು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಆದರೂ ಪ್ರತಿ ಭಾನುವಾರ ತಕ್ಕಡಿಯ ಮುಳ್ಳು ಮೇಲಕ್ಕೇ ಹೋಗುತ್ತಿತ್ತು. ಒಂದು ಶನಿವಾರ ಬೆಳಿಗ್ಗೆ ನಾಯಿಯ ಬಾಯಿ ತುಪ್ಪದ ವಾಸನೆ ಹೊಡೆಯಿತು.

"ಮೊದಲು ರುಚಿ ಹತ್ತಿಸ್ತಾರೆ ಕಣೇ, ಆಮೇಲೆ ವಿಷ ಇಡ್ತಾರೆ," ಎಂದಳು ಪಕ್ಕದ ಮನೆಯ ಸರಸಕ್ಕ. "ಹಿಂದಿನ ಬೀದಿಯ ನಾಯಿ ಹಾಗೇ ಸತ್ತಿದ್ದು."

ವಾರವಿಡೀ ವಾರಿಜಾಳಿಗೆ ನಿದ್ದೆ ಹತ್ತಲಿಲ್ಲ. ಮುಂದಿನ ಶನಿವಾರ ಬೆಳಕು ಹರಿಯುವ ಮುಂಚೆಯೇ ಗೇಟಿನ ಪಕ್ಕದ ನೀರಿನ ಡ್ರಮ್ಮಿನ ಹಿಂದೆ ಅವಿತು ಕೂತಳು. ಸ್ಕೂಟರೊಂದು ಸದ್ದಿಲ್ಲದೆ ಬಂದು ನಿಂತಿತು. ಹೆಲ್ಮೆಟ್ ಹಾಕಿದವನೊಬ್ಬ ಬಾಳೆಲೆಯ ಪೊಟ್ಟಣ ಬಿಚ್ಚಿ, ಗೇಟಿನ ಸರಳುಗಳ ನಡುವೆ ಕೈ ತೂರಿಸಿದ. ಕಾಡಿಗೆ ಬಾಲ ಅಲ್ಲಾಡಿಸುತ್ತ ಓಡಿತು.

 ವಾರಿಜಾ ದಡಕ್ಕನೆ ಎದ್ದು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಲಾಳದ ಉಂಗುರ ಅಂಗೈಗೆ ಒತ್ತಿತು.

"ಡಾಕ್ಟ್ರೇ?"

ಹೆಲ್ಮೆಟ್ಟಿನೊಳಗಿನ ದನಿ ಅಂಗಲಾಚಿತು. "ಬಿಡಿ ತಾಯಿ, ತಿನ್ನಲಿ. ಶನಿಕಾಟ ಕಳೆಯೋಕೆ ಕರಿ ನಾಯಿಗೆ ತುಪ್ಪದ ರೊಟ್ಟಿ ಹಾಕು ಅಂದಿದ್ದಾರೆ ಜೋಯಿಸರು. ಇಡೀ ಬಡಾವಣೆಯಲ್ಲಿ ಒಂದೂ ಬಿಳಿ ಕೂದಲಿಲ್ಲದ ನಾಯಿ ನಿಮ್ಮದೊಂದೇ."