ಎದುರುಗಾಳಿ

ಪೆಟ್ರೋಲಿನ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ಜಡೆ ಮುಟ್ಟಿಕೊಳ್ಳುತ್ತದೆ.

ಲಿಂಗಸುಗೂರಿನ ಮುನ್ಸೀಫ್ ಸಾಹೇಬರ ಪುಟ್ಟ ಕಾರಿಗೆ ಅಪ್ಪ ಡ್ರೈವರ್. ಯುದ್ಧದ ಕಾಲ, ಪೆಟ್ರೋಲು ಅಳೆದು ಕೊಡುತ್ತಿದ್ದರು. ಕಾರು ಮರಳಿದಾಗಲೆಲ್ಲ ಸಾಹೇಬರು ಗೀರು ಹಾಕಿದ ಬಿದಿರುಕಡ್ಡಿಯನ್ನು ಟ್ಯಾಂಕಿಗೆ ಇಳಿಸಿ ನೋಡುತ್ತಿದ್ದರು. ಸಿಂಧನೂರಿಗೆ ಹೋಗಿಬಂದರೆ ಎರಡು ಗೀರು ಇಳಿಯಬೇಕು.

ಆ ಮಧ್ಯಾಹ್ನ ಮೂರು ಇಳಿದಿತ್ತು. ಬೆಳಿಗ್ಗೆ ಕೆದರಿದ ತಲೆಯಲ್ಲೇ ಜೊತೆಗೆ ಕಾರು ಹತ್ತಿದ್ದ ನನ್ನ ಅಳು ತಾಳದೆ ಅಪ್ಪ ಮಸ್ಕಿಯ ಹತ್ತಿರ ಒಳದಾರಿ ಹಿಡಿದು, ಹೆರಿಗೆಗೆಂದು ತವರು ಪಾಮನಕಲ್ಲೂರಿಗೆ ಹೋಗಿದ್ದ ಅವ್ವನನ್ನು ತೋರಿಸಿಕೊಂಡು ಬಂದಿದ್ದ.

“ಇವತ್ತ್ಯಾಕ ಇಷ್ಟ ಕುಡದೈತಿ?”

“ಎದುರುಗಾಳಿ ಭಾಳ ಇತ್ತ್ರೀ ಸಾಹೇಬ್ರ,” ಎಂದ ಅಪ್ಪ.

ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಅವ್ವ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದ ನನ್ನ ಎರಡು ಜಡೆಗಳನ್ನು ಸಾಹೇಬರು ನೋಡಿದರು. ಒಂದು ಕೂದಲೂ ಕೆದರಿರಲಿಲ್ಲ.

“ಹೌದಪಾ, ಗಾಳಿ ಭಾಳ ಐತಿ,” ಎಂದು ಕಡ್ಡಿ ಒರೆಸಿದರು. “ಇಕಿ ಅವ್ವ ಆರಾಮ ಅದಾಳೇನು?”